ನಕ್ಷೆಯಲ್ಲಿ ಇಲ್ಲದ ಹಳ್ಳ

ನಮ್ಮ ಪ್ರೌಢಶಾಲೆಯ ವರಾಂಡದಲ್ಲಿ ಹಳೆಯ ಕರಿಹಲಗೆಯೊಂದಿದೆ. ಪತ್ರಿಕೆಯ ಸುದ್ದಿಗಳನ್ನು ಕತ್ತರಿಸಿ ಅದಕ್ಕೆ ಅಂಟಿಸುವುದು ಒಂಬತ್ತನೇ ತರಗತಿಯ ಮಕ್ಕಳ ಪಾಳಿ. 2019ರ ಜುಲೈನಲ್ಲಿ, ವಿಶ್ವಕಪ್ ಕ್ರಿಕೆಟ್ಟಿನ ಚಿತ್ರಗಳ ನಡುವೆ, ಬೆಂಕಿಪೊಟ್ಟಣದಷ್ಟು ಅಗಲದ ಸರ್ಕಾರಿ ಪ್ರಕಟಣೆಯೊಂದು ಅಲ್ಲಿ ಅಂಟಿಕೊಂಡಿತ್ತು. ಪಾಳಿಯ ಹುಡುಗನನ್ನು ಕರೆದು, "ಇದು ಸುದ್ದಿಯಲ್ಲವಲ್ಲ, ಯಾಕಪ್ಪ ಅಂಟಿಸಿದೆ?" ಎಂದು ಕೇಳಿದೆ. "ನಮ್ಮೂರಿನ ಹೆಸರು ಇದೆ ಮಿಸ್" ಎಂದ. ಅಪಘಾತವಾದಾಗ ಮತ್ತು ಎಸ್ಸೆಸ್ಸೆಲ್ಸಿ ಫಲಿತಾಂಶ ಕುಸಿದಾಗ ಬಿಟ್ಟರೆ ನಮ್ಮೂರಿನ ಹೆಸರು ಪತ್ರಿಕೆಯಲ್ಲಿ ಬರುವುದಿಲ್ಲ. ಹುಡುಗನ ತರ್ಕ ಸರಿಯಾಗಿಯೇ ಇತ್ತು.

ಕನ್ನಡಕ ಏರಿಸಿ ಓದಿದೆ. ಸರ್ವೆ ನಂಬರ್ 47ರ 11 ಎಕರೆ 20 ಗುಂಟೆ ಜಮೀನನ್ನು ಕೃಷಿ ವಲಯದಿಂದ ವಸತಿ ವಲಯಕ್ಕೆ ಬದಲಾಯಿಸಲು ಕೋರಿಕೆ ಬಂದಿದೆ, ಆಕ್ಷೇಪಣೆ ಇದ್ದವರು 15 ದಿನಗಳೊಳಗೆ ಲಿಖಿತವಾಗಿ ಯೋಜನಾ ಪ್ರಾಧಿಕಾರಕ್ಕೆ ಸಲ್ಲಿಸತಕ್ಕದ್ದು, ತಪ್ಪಿದಲ್ಲಿ ಆಕ್ಷೇಪಣೆ ಇಲ್ಲವೆಂದು ಭಾವಿಸಲಾಗುವುದು. ಅಷ್ಟೇ. ಆ ಜಮೀನು ಎಲ್ಲಿದೆ, ಯಾವ ರಸ್ತೆಯ ಪಕ್ಕ, ಯಾವ ಕೆರೆಯ ಮೇಲೆ, ಒಂದೂ ಇರಲಿಲ್ಲ. ನಾನು ಗಣಿತ ಕಲಿಸುವವಳು. ಅಂಕಿಗಳೆಂದರೆ ನನಗೆ ಅಂಜಿಕೆಯಿಲ್ಲ. ಆದರೆ 47 ಎಂಬ ಅಂಕಿ ನನ್ನ ಅಡುಗೆಮನೆಯ ಕಿಟಕಿಯಿಂದ ದಿನವೂ ಕಾಣುವ ರಾಗಿ ಹೊಲವೆಂದು ತಿಳಿಯಲು ನನಗೆ ಎರಡು ದಿನ ಬೇಕಾಯಿತು. ಕತ್ತರಿಸುವಾಗ ಹುಡುಗ ದಿನಾಂಕವನ್ನು ಬಿಟ್ಟಿದ್ದ. ಹಳೆಯ ಪತ್ರಿಕೆಗಳ ಕಟ್ಟನ್ನು ಬಿಚ್ಚಿ ನೋಡಿದರೆ, ಹದಿನೈದರಲ್ಲಿ ಒಂಬತ್ತು ದಿನ ಆಗಲೇ ಕಳೆದಿದ್ದವು.

ನಮ್ಮದು ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ. ಹೆಸರು ಹೇಳುವುದಿಲ್ಲ; ಈ ಕಥೆಯಲ್ಲಿ ಬರುವವರೆಲ್ಲ ಇಂದಿಗೂ ಸಂತೆಯಲ್ಲಿ ಎದುರಾಗುವವರು. ಊರಿಗೆ ಎರಡು ಕೆರೆ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ನೀರು ಒಂದು ಹಳ್ಳದಲ್ಲಿ ಹರಿದು ಕೆಳಗಿನ ಕೆರೆಗೆ ಸೇರಬೇಕು. "ಬೇಕು" ಎನ್ನುತ್ತಿದ್ದೇನೆ, ಏಕೆಂದರೆ ನಾನು ಮದುವೆಯಾಗಿ ಈ ಊರಿಗೆ ಬಂದ ಮೇಲೆ ಮೇಲಿನ ಕೆರೆ ಕೋಡಿ ಬಿದ್ದದ್ದು ಎರಡೇ ಸಲ. ಉಳಿದ ವರ್ಷಗಳಲ್ಲಿ ಹಳ್ಳವೆಂದರೆ ಲಾಂಟಾನ ಪೊದೆ, ಬಳ್ಳಾರಿ ಜಾಲಿ, ಕೋಳಿ ಅಂಗಡಿಯವರು ಚೆಲ್ಲಿದ ಪುಕ್ಕ. ಆ ಹಳ್ಳ ಸರ್ವೆ ನಂಬರ್ 47ರ ನಡುವೆ ಹಾದು, 46ರ ಅಂಚನ್ನು ಸವರಿಕೊಂಡು ಇಳಿಯುತ್ತದೆ. 46ರಲ್ಲಿ 1994ರಲ್ಲಿ ಆದ ಬಡಾವಣೆಯಲ್ಲಿ ನಮ್ಮ ಮನೆ.

ಮರುದಿನ ಅರ್ಧ ದಿನ ರಜೆ ಹಾಕಿ ಪ್ರಾಧಿಕಾರದ ಕಚೇರಿಗೆ ಹೋದೆ. ವಿಷಯ ನಿರ್ವಾಹಕರು ಸೌಜನ್ಯದಿಂದಲೇ ಕೂರಿಸಿದರು. ಬಡಾವಣೆಯ ನಕ್ಷೆ ನೋಡಬೇಕು ಎಂದೆ. "ಕಡತ ಸಾಹೇಬರ ಬಳಿ ಇದೆ ಮೇಡಂ. ನಕ್ಷೆ ಬೇಕಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ" ಎಂದರು. ಮಾಹಿತಿ ಹಕ್ಕಿನಲ್ಲಿ ಉತ್ತರ ಕೊಡಲು ಅವರಿಗೆ 30 ದಿನ. ಆಕ್ಷೇಪಣೆ ಸಲ್ಲಿಸಲು ನನಗೆ ಉಳಿದಿದ್ದದ್ದು ಆರು ದಿನ. ಈ ಲೆಕ್ಕವನ್ನು ಅವರಿಗೆ ಬಿಡಿಸಿ ಹೇಳಿದೆ. ಅವರು ನಕ್ಕರು, ಕೆಟ್ಟ ನಗುವಲ್ಲ, ಮಳೆಗಾಲದಲ್ಲಿ ಬಸ್ ತಡವಾಯಿತೆಂದು ದೂರುವವರನ್ನು ನೋಡಿ ಕಂಡಕ್ಟರ್ ನಗುವ ಹಾಗೆ.

ಆದರೂ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ತಂದು ಅರ್ಜಿ ಹಾಕಿದೆ. ನಮ್ಮ ರಾಜ್ಯದ ನಿಯಮದಂತೆ ಆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದ ಮೀರಬಾರದು. ಮಕ್ಕಳಿಗೆ ಪ್ರಬಂಧದಲ್ಲಿ ಪದಮಿತಿ ಹಾಕುವ ನಾವು ಅದರ ಕಷ್ಟವನ್ನು ಒಮ್ಮೆಯಾದರೂ ಅನುಭವಿಸಬೇಕು. ಉತ್ತರ ಬಂದದ್ದು ಐವತ್ತು ದಿನಗಳಾದ ಮೇಲೆ. ಅಷ್ಟರಲ್ಲಿ ನಕ್ಷೆ ನನಗೆ ಬೇರೆ ದಾರಿಯಿಂದ ಸಿಕ್ಕಿತ್ತು. ಕಚೇರಿಯಲ್ಲಿ ತೋರಿಸಲಾಗದ ಆ ನಕ್ಷೆ ನುಣುಪಾದ ಬಣ್ಣದ ಕಾಗದದಲ್ಲಿ ಅಚ್ಚಾಗಿ, ಒಂದು ಭಾನುವಾರ ಬೆಳಿಗ್ಗೆ ದಿನಪತ್ರಿಕೆಯೊಳಗೆ ಮಡಚಿಕೊಂಡು ಮನೆಗೇ ಬಂತು. "ಲೇಕ್ ವ್ಯೂ ನಿವೇಶನಗಳು, ಮುಂಗಡ ಬುಕಿಂಗ್ ಆರಂಭ." ಭೂಬಳಕೆ ಬದಲಾವಣೆಗೆ ಇನ್ನೂ ಆಕ್ಷೇಪಣೆ ಕೇಳುತ್ತಿದ್ದ ಜಮೀನಿನಲ್ಲಿ 212 ನಿವೇಶನಗಳಿಗೆ ಆಗಲೇ ಸಂಖ್ಯೆ ಬಿದ್ದಿತ್ತು.

ನಮ್ಮ ಮನೆಯವರು ಊಟದ ಮೇಜಿನ ಮೇಲೆ ಅದನ್ನು ಹರಡಿ, ನಮ್ಮ ಮಗಳಿಗೊಂದು ಮೂವತ್ತು ನಲವತ್ತರ ನಿವೇಶನ ಹಿಡಿಯಬಹುದಲ್ಲ ಎಂದು ಲೆಕ್ಕ ಹಾಕುತ್ತಿದ್ದರು. ನಾನು ಹಳ್ಳವನ್ನು ಹುಡುಕುತ್ತಿದ್ದೆ. ಇರಲಿಲ್ಲ. ಕೆರೆಯ ಅಂಚಿನಲ್ಲಿ ಮಾತ್ರ ಅಚ್ಚುಕಟ್ಟಾಗಿ ಜಾಗ ಬಿಟ್ಟಿದ್ದರು. ಕೆರೆ ಸಂರಕ್ಷಣೆಗೆಂದು 2014ರಲ್ಲಿ ಆದ ಕಾಯ್ದೆಯಲ್ಲಿ ಕೆರೆಯ ಗಡಿಯಿಂದ 30 ಮೀಟರ್ ಒಳಗೆ ಏನನ್ನೂ ಕಟ್ಟುವಂತಿರಲಿಲ್ಲ, ಅದು ಎಲ್ಲರಿಗೂ ಗೊತ್ತಿದ್ದ ನಿಯಮ. ಆ ಜಾಗಕ್ಕೆ "ವಾಕಿಂಗ್ ಪಾತ್" ಎಂದು ಹೆಸರಿಟ್ಟು ಹಸಿರು ಬಳಿದಿದ್ದರು. ಕಾಣುವ ನೀರಿಗೆ ಮರ್ಯಾದೆ ಸಿಕ್ಕಿತ್ತು. ಹರಿಯದ ಹಳ್ಳದ ಮೇಲೆ 88ರಿಂದ 103ರವರೆಗಿನ ನಿವೇಶನಗಳು ಸಾಲಾಗಿ ನಿಂತಿದ್ದವು.

ಅಂದು ರಾತ್ರಿ ಕುಳಿತು ನಾಲ್ಕು ಪುಟದ ಆಕ್ಷೇಪಣೆ ಬರೆದೆ. ಜಲಮೂಲ, ಪರಂಪರೆ, ಮುಂದಿನ ಪೀಳಿಗೆ, ನವಿಲು, ಎಲ್ಲವೂ ಅದರಲ್ಲಿದ್ದವು. ಬೆಳಿಗ್ಗೆ ನಮ್ಮ ಬೀದಿಯ ತುದಿಯ ಮನೆಯಲ್ಲಿರುವ ನಿವೃತ್ತ ಶಿರಸ್ತೇದಾರರಿಗೆ ತೋರಿಸಿದೆ. ಅವರು ಪೂರ್ತಿ ಓದಿದರು, ಕಾಗದವನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದರು.

"ಚೆನ್ನಾಗಿದೆ ಟೀಚರಮ್ಮ. ಶಾಲೆಯ ವಾರ್ಷಿಕೋತ್ಸವದಲ್ಲಿ ಓದಬಹುದು. ಇದರಲ್ಲಿ ಸರ್ವೆ ನಂಬರ್ ಎಲ್ಲಿದೆ?"

ಮೊದಲ ಸಾಲಿನಲ್ಲೂ ಇರಲಿಲ್ಲ, ಕೊನೆಯ ಸಾಲಿನಲ್ಲೂ ಇರಲಿಲ್ಲ.

"ಹಳ್ಳ ಇದೆ ಎಂದು ನೀವು ಹೇಳಿದರೆ ಅದು ನಿಮ್ಮ ಅಭಿಪ್ರಾಯ. ಪ್ರತಿ ಸರ್ವೆ ನಂಬರಿನ ವಿಸ್ತೀರ್ಣ ಬರೆದಿಟ್ಟ ಸರ್ವೆ ಇಲಾಖೆಯ ಆಕಾರ್‌ಬಂದ್ ಹೇಳಿದರೆ ಅದು ದಾಖಲೆ. ಮೊದಲು ಪಹಣಿ, ಆಕಾರ್‌ಬಂದ್, ಗ್ರಾಮ ನಕ್ಷೆ, ಹೊಲದ ಅಳತೆಯ ಟಿಪ್ಪಣಿ ತನ್ನಿ. ನವಿಲನ್ನು ಆಮೇಲೆ ನೋಡೋಣ" ಎಂದರು.

ಆ ಮೂರು ದಿನಗಳಲ್ಲಿ ಕಲಿತಷ್ಟನ್ನು ನಾನು ಬಿ.ಇಡಿ. ಮಾಡುವಾಗಲೂ ಕಲಿತಿರಲಿಲ್ಲ. ಪಹಣಿಯ ಮೂರನೇ ಕಾಲಂನಲ್ಲಿ ಒಟ್ಟು ವಿಸ್ತೀರ್ಣದ ಕೆಳಗೆ ಖರಾಬು ಎಂದು ಎರಡು ಸಾಲುಗಳಿರುತ್ತವೆ, ಅ ಮತ್ತು ಬ. ಅ-ಖರಾಬು ಎಂದರೆ ಬೇಸಾಯಕ್ಕೆ ಬಾರದ ಜಾಗ, ಬಂಡೆ, ಕಣ, ಹೀಗೆ; ಅದು ಹಿಡುವಳಿದಾರನದೇ. ಬ-ಖರಾಬು ಎಂದರೆ ದಾರಿ, ಹಳ್ಳ, ಕೆರೆ, ಸ್ಮಶಾನ, ಅಂದರೆ ಊರಿನವರು ಬಳಸುವ ಜಾಗ. ಹೊಲದ ನಡುವೆ ಇದ್ದರೂ ಅದು ಹೊಲದವನದಲ್ಲ, ಕಂದಾಯವೂ ಇಲ್ಲ, ಮಾರುವ ಹಕ್ಕೂ ಇಲ್ಲ. 47ರ ಪಹಣಿಯಲ್ಲಿ ಬ-ಖರಾಬಿನ ಮುಂದೆ ಸೊನ್ನೆ ಇತ್ತು. ನನ್ನ ಎದೆ ಕುಸಿಯಿತು. ಶಿರಸ್ತೇದಾರರು ಮಾತ್ರ, "ಪಹಣಿಯನ್ನು ನಂಬಬೇಡಿ, ಅದು ಕೈಬರಹದಿಂದ ಕಂಪ್ಯೂಟರ್‌ಗೆ ಹೋದದ್ದು. ಆಕಾರ್‌ಬಂದ್ ಅದರ ತಾಯಿ" ಎಂದರು. ತಾಯಿಯನ್ನು ಹುಡುಕಿಕೊಂಡು ಭೂದಾಖಲೆಗಳ ಕಚೇರಿಗೆ ಹೋದೆ. ದೃಢೀಕೃತ ನಕಲಿನಲ್ಲಿ ಸ್ಪಷ್ಟವಾಗಿತ್ತು: ಒಟ್ಟು 11 ಎಕರೆ 20 ಗುಂಟೆ, ಅದರಲ್ಲಿ ಬ-ಖರಾಬು 18 ಗುಂಟೆ. ಗ್ರಾಮ ನಕ್ಷೆಯಲ್ಲಿ ಆ 18 ಗುಂಟೆ ಎರಡು ಅಂಕುಡೊಂಕು ಗೆರೆಗಳಾಗಿ, ಹಲ್ಲಿ ಬಾಲದಂತೆ, ಮೇಲಿನ ಕೆರೆಯಿಂದ ಕೆಳಗಿನ ಕೆರೆಗೆ ಇಳಿದಿತ್ತು.

ಟಿಪ್ಪಣಿ ಎಂಬ ಕಾಗದವನ್ನು ಮೊದಲ ಸಲ ನೋಡಿದ್ದೂ ಆಗಲೇ. ಹಳೆಯ ಅಳತೆ ಸರಪಳಿಯಲ್ಲಿ ಮತ್ತು ಆಣೆಯಲ್ಲಿ. ಒಂದು ಸರಪಳಿ ಎಂದರೆ 33 ಅಡಿ, ಅದರಲ್ಲಿ 16 ಆಣೆ. ಉದ್ದ ಒಂದು ಸರಪಳಿ, ಅಗಲ ಒಂದು ಸರಪಳಿ ಆದರೆ ಒಂದು ಗುಂಟೆ, 1,089 ಚದರಡಿ. ಗುಂಟೆ ಎಂಬ ಮಾತನ್ನು ಹುಟ್ಟಿದಾಗಿನಿಂದ ಕೇಳಿದ್ದರೂ ಅದು ಒಂದು ಸರಪಳಿಯ ವರ್ಗವೆಂದು ನನಗೆ ಗೊತ್ತಿರಲಿಲ್ಲ. ಮರುದಿನವೇ ಎಂಟನೇ ತರಗತಿಯ ವರ್ಗಸಂಖ್ಯೆಯ ಪಾಠಕ್ಕೆ ಅದನ್ನು ಸೇರಿಸಿದೆ. ಹಳ್ಳದ ಅಗಲ ಹತ್ತು ಆಣೆ, ಸುಮಾರು ಇಪ್ಪತ್ತು ಅಡಿ. ಉದ್ದ ಹೆಚ್ಚುಕಡಿಮೆ 29 ಸರಪಳಿ. ಹದಿನೆಂಟು ಗುಂಟೆಯನ್ನು ಮೂವತ್ತು ನಲವತ್ತರ ನಿವೇಶನಗಳಾಗಿ ಮಾಡಿದರೆ ಹದಿನಾರು ಆಗುತ್ತದೆ. 88ರಿಂದ 103ರವರೆಗೆ ಎಣಿಸಿ ನೋಡಿದೆ. ಹದಿನಾರೇ.

ದುರುದ್ದೇಶದಿಂದಲೇ ಅಳಿಸಿದರು ಎಂದು ನಾನು ಆಗ ನಂಬಿದ್ದೆ, ಊರಿಡೀ ಹೇಳಿಕೊಂಡೂ ಬಂದೆ. ಈಗ ಅಷ್ಟು ಖಚಿತವಿಲ್ಲ. ಆ ಜಮೀನು ಮೂವರು ಅಣ್ಣತಮ್ಮಂದಿರಿಗೆ ಪಾಲಾಗಿ ಪೋಡಿಯಾದಾಗ 47/1, 47/2, 47/3 ಎಂದು ಒಡೆದಿತ್ತು. ಖರಾಬನ್ನು ಯಾರ ಪಾಲಿಗೂ ಹಂಚದೆ ಕೈಬಿಟ್ಟಿದ್ದರು. ಯಾರ ಪಾಲಿಗೂ ಬಾರದ್ದು ಮೊದಲು ಪಹಣಿಯಿಂದ ಹೋಯಿತು, ಪಹಣಿಯಲ್ಲಿ ಇಲ್ಲದ್ದು ನಕ್ಷೆಗೆ ಬರಲಿಲ್ಲ. ನಕ್ಷೆ ತಯಾರಿಸಿದವರು ಸ್ಥಳಕ್ಕೆ ಬಂದು ಲಾಂಟಾನದ ಪೊದೆಯನ್ನು ನೋಡಿಯೂ ಸುಮ್ಮನಿದ್ದರೇ ಎಂಬುದು ಬೇರೆ ಪ್ರಶ್ನೆ.

ನಾಲ್ಕು ಪುಟ ಒಂದೇ ಪುಟವಾಯಿತು. ಬಡಾವಣೆಯೇ ಬೇಡ ಎಂದು ಬರೆಯಬಾರದು ಎಂದೂ ಶಿರಸ್ತೇದಾರರೇ ಹೇಳಿದರು. "ಬೇಡ ಎಂದರೆ ಅವರು ನಿಮ್ಮ ಅರ್ಜಿಯನ್ನು ಅಭಿವೃದ್ಧಿ ವಿರೋಧಿ ಎಂದು ಒಂದೇ ಸಾಲಿನಲ್ಲಿ ತಳ್ಳಿಹಾಕುತ್ತಾರೆ. ಇದನ್ನು ಇಲ್ಲಿ ಹೀಗೆ ಮಾಡಿ ಎಂದರೆ ಅದಕ್ಕೆ ಉತ್ತರ ಬರೆಯಬೇಕಾಗುತ್ತದೆ." ಬಣ್ಣದ ನಕ್ಷೆಯಲ್ಲಿ ಉದ್ಯಾನಕ್ಕೆಂದು ತೋರಿಸಿದ್ದು ಶೇ 10, ಅದೂ ಮನೆ ಕಟ್ಟಲು ಬಾರದ ಮೂರು ಮೂಲೆಗಳಲ್ಲಿ, ಸಮೋಸದ ತುಂಡುಗಳಂತೆ. ಖರಾಬನ್ನು ಕಳೆದು ಉಳಿದ ಜಮೀನಿನ ಶೇ 10 ಎಂದರೆ 48,134 ಚದರಡಿ. ಹಳ್ಳದ ಇಬ್ಬದಿಗೂ 25 ಅಡಿಯಂತೆ ಉದ್ಯಾನದ ಪಟ್ಟಿ ಬಿಟ್ಟರೆ 47,850. ಮುನ್ನೂರು ಚದರಡಿಯೊಳಗೆ ಲೆಕ್ಕ ಕೂಡಿಬಂತು. ಅಂದು ಅಡುಗೆಮನೆಯಲ್ಲಿ ಹಾಲು ಉಕ್ಕಿ ಒಲೆಯೆಲ್ಲ ಹರಿದದ್ದೂ ನನಗೆ ಗೊತ್ತಾಗಲಿಲ್ಲ.

ಹದಿನಾಲ್ಕನೆಯ ದಿನ ಟಪಾಲು ವಿಭಾಗದಲ್ಲಿ ಕೊಟ್ಟೆ. ಅಲ್ಲಿ ಕುಳಿತಿದ್ದವಳು ನನ್ನ ಹಳೆಯ ವಿದ್ಯಾರ್ಥಿನಿ. ಎರಡನೇ ಪ್ರತಿಯ ಮೇಲೆ ಮೊಹರು, ಸಹಿ, ದಿನಾಂಕ ಎಲ್ಲ ಹಾಕಿ, "ಮಿಸ್, ಈ ಪ್ರತಿಯನ್ನು ಕಳೆದುಕೊಳ್ಳಬೇಡಿ" ಎಂದು ಮೆಲ್ಲಗೆ ಹೇಳಿದಳು. ಆ ಮಾತು ಎಷ್ಟು ಬೆಲೆಯದೆಂದು ಮೂರು ತಿಂಗಳ ನಂತರ, ಕಡತದಲ್ಲಿ ನನ್ನ ಅರ್ಜಿ ಕಾಣುತ್ತಿಲ್ಲ ಎಂದು ಫೋನ್ ಬಂದಾಗ ತಿಳಿಯಿತು.

ಈ ನಡುವೆ ಊರಿನಲ್ಲಿ ಹೇಳಿಕೊಳ್ಳಲು ಯಾರಾದರೂ ಇದ್ದರೆ ಎಂದು ನೋಡಿದೆವು. 2018ರ ಆಗಸ್ಟಿನಲ್ಲೇ ಪುರಸಭೆಗೆ ಚುನಾವಣೆ ನಡೆದಿತ್ತು. ಆದರೆ ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿಯ ವಿಷಯ ನ್ಯಾಯಾಲಯದಲ್ಲಿತ್ತು. ರಾಜ್ಯದ ಎಷ್ಟೋ ಊರುಗಳಲ್ಲಿ ಆದಂತೆ ನಮ್ಮಲ್ಲೂ ಗೆದ್ದವರು ಅಧಿಕಾರವಿಲ್ಲದೆ ಎರಡು ವರ್ಷ ಕಾದರು, ಆಡಳಿತಾಧಿಕಾರಿಯೇ ಎಲ್ಲ. ನಮ್ಮ ವಾರ್ಡಿನ ಸದಸ್ಯರು ಕೈಮುಗಿದು, "ನನ್ನ ಹೆಸರಿನ ಫಲಕ ಬಿಟ್ಟರೆ ನನ್ನ ಬಳಿ ಏನೂ ಇಲ್ಲ" ಎಂದರು. ಪಾಪ, ಸತ್ಯ.

ವಿಚಾರಣೆ ನಡೆದದ್ದು ನವೆಂಬರಿನಲ್ಲಿ. ಆಕ್ಷೇಪಣೆ ಸಲ್ಲಿಸಿದ್ದವರು ಒಟ್ಟು ಮೂವರು. ಒಬ್ಬರು ತಮ್ಮ ಜಮೀನಿಗೆ ದಾರಿ ಕೇಳಿದವರು, ಇನ್ನೊಬ್ಬರು ಬರಲೇ ಇಲ್ಲ. ಎದುರಿಗೆ ಬಡಾವಣೆ ಮಾಡುವವರ ಪರವಾಗಿ ಇಬ್ಬರು ಎಂಜಿನಿಯರುಗಳು, ಅವರ ಹಿಂದೆ ಗೋಡೆಗೆ ಒರಗಿ ಜಮೀನಿನ ಹಿರಿಯಣ್ಣ. ನಾನು ಆಕಾರ್‌ಬಂದ್ ತೋರಿಸಿ, ಲೆಕ್ಕ ಹೇಳಿ, ಗ್ರಾಮ ನಕ್ಷೆಯನ್ನು ಮೇಜಿನ ಮೇಲಿಟ್ಟೆ. ಹತ್ತು ನಿಮಿಷವೂ ಆಗಲಿಲ್ಲ. ಅಧಿಕಾರಿ ಹಿರಿಯಣ್ಣನ ಕಡೆ ತಿರುಗಿ, "ನೀವೇನಾದರೂ ಹೇಳುವುದಿದೆಯೇ?" ಎಂದರು. ಎಂಜಿನಿಯರ್ ಬಾಯಿ ತೆರೆಯುವಷ್ಟರಲ್ಲಿ ಆತನೇ ಮಾತಾಡಿದ.

"ಟೀಚರಮ್ಮ, ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಮಗಳಿಗೆ ಲೆಕ್ಕ ಹೇಳಿಕೊಟ್ಟವರು ನೀವು. ಆದರೆ ಒಂದು ಮಾತು. ಮೂರು ಕೊಳವೆಬಾವಿ ಕೊರೆಸಿದೆ, ಮೂರರಲ್ಲೂ ಧೂಳು ಬಂತು. ರಾಗಿ ಬೆಳೆದರೆ ಕಳೆ ತೆಗೆಯುವವರ ಕೂಲಿಗೆ ಸರಿಯಾಗುತ್ತದೆ. ನೀವು ಕುಳಿತಿರುವ ಮನೆಯೂ ನಮ್ಮ ದೊಡ್ಡಪ್ಪನ ಹೊಲವೇ. ಆಗ ಯಾರೂ ಹಳ್ಳ ಕೇಳಲಿಲ್ಲ. ನನ್ನ ಪಾಳಿ ಬಂದಾಗ ಹಳ್ಳ ಬಂತೇ?"

ನನ್ನ ಬಳಿ ಉತ್ತರವಿರಲಿಲ್ಲ, ಇಂದಿಗೂ ಇಲ್ಲ. ಆತ ಹೇಳಿದ ಒಂದೊಂದು ಮಾತೂ ನಿಜ. ಊರಿಗೆ ಮನೆಗಳೂ ಬೇಕಾಗಿದ್ದವು. ನಮ್ಮ ಶಾಲೆಯ ಕಿರಿಯ ಶಿಕ್ಷಕರೊಬ್ಬರು ಎರಡು ಕೋಣೆಯ ಮನೆಗೆ ಸಂಬಳದ ಕಾಲುಭಾಗ ಬಾಡಿಗೆ ಕಟ್ಟುತ್ತಿದ್ದರು. ಅನುಮೋದನೆಯಿಲ್ಲದ ರೆವಿನ್ಯೂ ನಿವೇಶನ ಕೊಂಡು, ಖಾತೆ ಆಗದೆ, ಬ್ಯಾಂಕಿನ ಸಾಲವೂ ಸಿಗದೆ ಅಲೆಯುವವರು ಬೀದಿಗೆ ಇಬ್ಬರಾದರೂ ಇದ್ದರು. ಕಾನೂನಿನ ದಾರಿಯಲ್ಲಿ ಅನುಮೋದನೆ ಕೇಳಿ ಬಂದವರನ್ನೇ ನಾನು ತಡೆದು ನಿಲ್ಲಿಸಿದ್ದೆ. ಯಾರನ್ನೂ ಕೇಳದೆ ಮಾರಿ ಹೋದವರ ವಿರುದ್ಧ ಆಕ್ಷೇಪಣೆ ಸಲ್ಲಿಸಲು ಪ್ರಕಟಣೆಯೇ ಬರುವುದಿಲ್ಲವಲ್ಲ. ಇನ್ನೂ ಒಂದು ವಿಚಿತ್ರವೆಂದರೆ, 47 ಮಹಾಯೋಜನೆಯಲ್ಲಿ, ಅಂದರೆ ಊರಿನ ಯಾವ ಜಾಗ ಯಾವ ಬಳಕೆಗೆ ಎಂದು ಗೊತ್ತುಮಾಡುವ ಯೋಜನೆಯಲ್ಲಿ, ಮೊದಲೇ ವಸತಿ ವಲಯದಲ್ಲಿದ್ದಿದ್ದರೆ ನನ್ನನ್ನೂ ಯಾರೂ ಕೇಳುತ್ತಿರಲಿಲ್ಲ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಕಲಮಿನಂತೆ ಭೂಬಳಕೆ ಬದಲಿಸುವಾಗ ಮಾತ್ರ ಸಾರ್ವಜನಿಕರಿಗೆ ಈ ಹದಿನೈದು ದಿನ. ಬಡಾವಣೆಯ ವಿನ್ಯಾಸಕ್ಕೆ ಒಪ್ಪಿಗೆ ಕೊಡುವಾಗ ಅದೂ ಇಲ್ಲ. ಊರಿನ ಇಡೀ ಮಹಾಯೋಜನೆಗೆ ಆಕ್ಷೇಪಣೆ ಹೇಳಲು 60 ದಿನ ಇರುತ್ತದೆ, ಆಗ ನಾವೆಲ್ಲ ಎಲ್ಲಿದ್ದೆವೋ. ನಾನಂತೂ ಮಹಾಯೋಜನೆ ಎಂಬುದೊಂದಿದೆ ಎಂದೇ ಕೇಳಿರಲಿಲ್ಲ.

ಅಧಿಕಾರಿ ಕೊನೆಗೆ ಹೇಳಿದ್ದು ಇಷ್ಟು: ಪಹಣಿಗೂ ಆಕಾರ್‌ಬಂದಿಗೂ ತಾಳೆಯಾಗುತ್ತಿಲ್ಲ, ಜಂಟಿ ಸರ್ವೆ ಆಗಲಿ. ಗೆದ್ದೆ ಎಂದುಕೊಂಡು ಮನೆಗೆ ಬರುವಾಗ ಕಾಲು ಕೆಜಿ ಮೈಸೂರುಪಾಕ್ ತಂದೆ.

ಹದಿನೈದು ದಿನಗಳ ನಂತರ ಅಂಚೆಯಲ್ಲಿ ನೋಟಿಸ್ ಬಂತು. ಅಕ್ಕಪಕ್ಕದ ಹಿಡುವಳಿದಾರರೆಲ್ಲ ಅಳತೆಯ ದಿನ ಹಾಜರಿರಬೇಕು. ಅಕ್ಕಪಕ್ಕದವರು ಎಂದರೆ 46ರ ಕೊನೆಯ ಸಾಲಿನ ಏಳು ಮನೆಯವರು. ಅಂದರೆ ನಾವು.

ಭೂಮಾಪಕರು ಬಂದದ್ದು ಡಿಸೆಂಬರಿನ ಒಂದು ಶನಿವಾರ. ಮೂರು ಕಾಲಿನ ಯಂತ್ರ ನಿಲ್ಲಿಸಿ, ಹಳೆಯ ಬಾಂದು ಕಲ್ಲುಗಳನ್ನು ಹುಡುಕಿಸಿದರು. ಒಂದು ಕಲ್ಲು ಹುಣಸೆಮರದ ಬುಡದಲ್ಲಿ ಸಿಕ್ಕಿತು, ಇನ್ನೊಂದು ಯಾರದೋ ಬಟ್ಟೆ ಒಗೆಯುವ ಕಲ್ಲಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಸುಣ್ಣದ ಪುಡಿಯಲ್ಲಿ ಹಳ್ಳದ ಗೆರೆ ಎಳೆಯುತ್ತ ಬಂದರು. ಗೆರೆ ಲಾಂಟಾನ ದಾಟಿತು, ಬೇಲಿ ದಾಟಿತು, ನಮ್ಮ ಸಾಲಿನ ಕಾಂಪೌಂಡ್‌ಗಳ ಬಳಿ ಬಂದು ನಿಲ್ಲುತ್ತದೆ ಎಂದುಕೊಂಡೆ. ಅವರ ಸಹಾಯಕ ನಮ್ಮ ಹಿತ್ತಿಲ ಗೇಟು ತೆಗೆದು, "ಸ್ವಲ್ಪ ಜರುಗಿ ಅಮ್ಮ" ಎಂದು ಒಳಗೆ ಬಂದ. ಸುಣ್ಣದ ಗೆರೆ ಕರಿಬೇವಿನ ಗಿಡದ ಈಚೆಗೆ, ಅತ್ತೆಯ ತುಳಸಿಕಟ್ಟೆಯ ಮಗ್ಗುಲಿಗೆ, ನೀರೊಲೆಯ ಗೋಡೆಯನ್ನು ಸವರಿಕೊಂಡು ಹೋಯಿತು. ನಾಲ್ಕು ಅಡಿ ಮೂರು ಅಂಗುಲ. ನಮ್ಮ ಹಿತ್ತಿಲಿನ ಅಷ್ಟಗಲವೂ ಬ-ಖರಾಬು.

ಕೊಂಡದ್ದು 1998ರಲ್ಲಿ, ಕ್ರಯಪತ್ರ ಇದೆ, ಅದರಲ್ಲಿ ನಾಲ್ಕು ದಿಕ್ಕಿನ ಗಡಿ ಹೇಳುವ ಚಕ್‌ಬಂದಿ ಇದೆ ಎಂದು ನಮ್ಮ ಮನೆಯವರು ಕಾಗದ ತಂದರು. ಭೂಮಾಪಕರು ಓದಿ, "ಉತ್ತರಕ್ಕೆ ಹಳ್ಳ ಎಂದು ಇದರಲ್ಲೇ ಬರೆದಿದೆಯಲ್ಲ ಸ್ವಾಮಿ. ನೀವು ಹಳ್ಳದೊಳಗೆ ಕಾಂಪೌಂಡ್ ಹಾಕಿದ್ದೀರಿ" ಎಂದರು. ಬೇಲಿಯ ಆಚೆ ನಿಂತಿದ್ದ ಹಿರಿಯಣ್ಣ ಬೇರೆ ಕಡೆ ನೋಡಿದ. ನಕ್ಕಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಮುಂದಿನ ಎರಡು ತಿಂಗಳು ಹೇಗಿತ್ತೆಂದು ವಿವರಿಸುವುದಿಲ್ಲ. ಏಳು ಮನೆಗಳಲ್ಲಿ ಐದು ಮನೆಯವರು ನನ್ನೊಂದಿಗೆ ಮಾತು ಬಿಟ್ಟರು. "ಸುಮ್ಮನಿದ್ದ ಹಾವನ್ನು ಕರೆದು ಹಿತ್ತಿಲಿಗೆ ಬಿಟ್ಟುಕೊಂಡವಳು" ಎಂದು ಪಕ್ಕದ ಮನೆಯವರು ನಲ್ಲಿಯ ಬಳಿ ಹೇಳಿದ್ದು ನನ್ನ ಕಿವಿಗೇ ಬಿತ್ತು. ಬಡಾವಣೆಯ ಕಡೆಯ ಒಬ್ಬರು ಹಣ್ಣಿನ ಬುಟ್ಟಿಯೊಂದಿಗೆ ಬಂದು, ಎರಡೂ ಕಡೆಯವರು ಸರ್ವೆ ವರದಿಯನ್ನು ಒತ್ತಾಯಿಸದಿದ್ದರೆ ಎಲ್ಲರಿಗೂ ಒಳ್ಳೆಯದಲ್ಲವೇ, ನಿಮಗೊಂದು ಮೂಲೆ ನಿವೇಶನವನ್ನು ಹಳೆಯ ದರಕ್ಕೇ ಬರೆದುಕೊಡೋಣ ಎಂದರು. ಬುಟ್ಟಿಯನ್ನು ವಾಪಸು ಕಳಿಸಿದೆ. ಪ್ರಾಮಾಣಿಕತೆಗಾಗಿ ಎಂದು ಬರೆದರೆ ಸುಳ್ಳಾಗುತ್ತದೆ. ಆ ರಾತ್ರಿ ಆ ಮಾತನ್ನು ನಾವಿಬ್ಬರೂ ಎರಡು ಗಂಟೆಯವರೆಗೆ ತೂಗಿ ನೋಡಿದೆವು. ಕೊನೆಗೆ ಅತ್ತೆ ಒಳಕೋಣೆಯಿಂದ, "ತುಳಸಿಕಟ್ಟೆಯನ್ನು ಮುಂದಕ್ಕೆ ಕಟ್ಟಿಸಿ, ದೀಪ ಆರಿಸಿ ಮಲಗಿ" ಎಂದರು.

2020ರ ಫೆಬ್ರುವರಿಯಲ್ಲಿ ನಾವು ಹಿತ್ತಿಲ ಕಾಂಪೌಂಡನ್ನು ಒಡೆಸಿ ನಾಲ್ಕೂಕಾಲು ಅಡಿ ಹಿಂದಕ್ಕೆ ಸರಿದೆವು. ಕರಿಬೇವಿನ ಗಿಡ ಹೊರಗೆ ಉಳಿಯಿತು. ಈಗ ಬೀದಿಯವರೆಲ್ಲ ಅದರಿಂದಲೇ ಒಗ್ಗರಣೆಗೆ ಕಿತ್ತುಕೊಳ್ಳುತ್ತಾರೆ. ಉಳಿದ ಆರು ಮನೆಯವರಿಗೆ ತೆರವಿನ ನೋಟಿಸ್ ಬಂತು. ಮಾರ್ಚಿನಲ್ಲಿ ಲಾಕ್‌ಡೌನ್ ಆಯಿತು, ಆ ನೋಟಿಸುಗಳು ಅಲ್ಲಿಗೇ ನಿಂತವು. ನಿಂತೇ ಇವೆ.

ಭೂಬಳಕೆ ಬದಲಾವಣೆಗೆ ಸರ್ಕಾರದ ಒಪ್ಪಿಗೆ, ಆಮೇಲೆ ಜಿಲ್ಲಾಧಿಕಾರಿಗಳಿಂದ ಭೂ ಪರಿವರ್ತನೆ, ಆಮೇಲೆ ವಿನ್ಯಾಸದ ಅನುಮೋದನೆ, ಎಲ್ಲ ಮುಗಿಯುವಾಗ 2021 ಕಳೆಯುತ್ತ ಬಂದಿತ್ತು. ಅನುಮೋದಿತ ನಕ್ಷೆಯ ಪ್ರತಿಯನ್ನು ಹಣ ಕಟ್ಟಿ ತಂದೆ. ಹಳ್ಳ ಇತ್ತು. ನೀಲಿ ಗೆರೆ ಎರಡು, ಅಂಕುಡೊಂಕಾಗಿ, ನಡುವೆ "ಸರ್ಕಾರಿ ಹಳ್ಳ, ಬ-ಖರಾಬು 0-18" ಎಂದು ಸಣ್ಣ ಅಕ್ಷರ. ಇಬ್ಬದಿಗೂ ಉದ್ಯಾನದ ಹಸಿರು. ನಾನು ಕೇಳಿದ 25 ಅಡಿ ಒಂದು ಬದಿಗೆ ಪೂರ್ತಿ ಸಿಕ್ಕಿತ್ತು, ಇನ್ನೊಂದು ಬದಿಗೆ ಕೆಲವು ಕಡೆ ಹದಿನೈದಕ್ಕೆ ಇಳಿದಿತ್ತು. ನಿವೇಶನಗಳು 212ರಿಂದ 197 ಆಗಿದ್ದವು. ಹದಿನಾರು ಹೋಗಬೇಕಾದಲ್ಲಿ ಹದಿನೈದು. ಸಮೋಸದ ಒಂದು ಮೂಲೆಯನ್ನು ಸಮ ಮಾಡಿ ಒಂದನ್ನು ಹೇಗೋ ಉಳಿಸಿಕೊಂಡಿದ್ದರು. ಅಷ್ಟು ಜಾಣತನಕ್ಕೆ ನಾನೂ ಅಂಕ ಕೊಟ್ಟೆ.

2022ರ ಮಳೆ ನಮ್ಮ ಕಡೆಯ ಕೆರೆಗಳಿಗೆಲ್ಲ ನೆನಪಿರುವಂಥದು. ಅಕ್ಟೋಬರಿನಲ್ಲಿ ಮೇಲಿನ ಕೆರೆ ಕೋಡಿ ಬಿತ್ತು. ಸಂಜೆ ಊರಿಗೆ ಊರೇ ಕೋಡಿಯ ಬಳಿ ಸೇರಿ, ಹೆಂಗಸರು ಬಾಗಿನ ಬಿಟ್ಟು, ಹುಡುಗರು ಮೊಬೈಲಿನಲ್ಲಿ ಚಿತ್ರ ತೆಗೆದರು. ನೀರು ಹೊಸ ಬಡಾವಣೆಯೊಳಗೆ ಎರಡು ಹಸಿರು ಪಟ್ಟಿಗಳ ನಡುವೆ, ಯಾರ ಮನೆಯ ಮೆಟ್ಟಿಲನ್ನೂ ಮುಟ್ಟದೆ ಇಳಿಯಿತು. ಇಳಿದು ನಮ್ಮ ಬೀದಿಗೆ ಬಂದು ನಿಂತಿತು. 1994ರಲ್ಲಿ ನಮ್ಮ ಬಡಾವಣೆ ಮಾಡಿದವರು ರಸ್ತೆಯ ಕೆಳಗೆ ಹಳ್ಳಕ್ಕೆಂದು ಬಿಟ್ಟದ್ದು ಎರಡು ಅಡಿಯ ಒಂದು ಸಿಮೆಂಟ್ ಕೊಳವೆ. ಇಪ್ಪತ್ತು ಅಡಿಯ ಹಳ್ಳ ಎರಡು ಅಡಿಯ ಕೊಳವೆಯಲ್ಲಿ ಹೋಗುವುದಿಲ್ಲ ಎಂಬುದಕ್ಕೆ ಗಣಿತದ ಟೀಚರ್ ಬೇಕಿಲ್ಲ. ರಾತ್ರಿ ಎಂಟರ ಹೊತ್ತಿಗೆ ಬೀದಿಯಲ್ಲಿ ಮೊಣಕಾಲುದ್ದ ನೀರು, ನಮ್ಮ ಅಡುಗೆಮನೆಯಲ್ಲಿ ಒಂದು ಗೇಣು. ಅಕ್ಕಿ ಡಬ್ಬ ತೇಲುತ್ತಿತ್ತು.

ಯಾರೋ ಹೇಳಿ ಕಳಿಸಿರಬೇಕು. ಹೊಸ ಬಡಾವಣೆಯಲ್ಲಿ ತನ್ನ ಪಾಲಿಗೆ ಉಳಿಸಿಕೊಂಡ ನಿವೇಶನದಲ್ಲಿ ಮನೆ ಕಟ್ಟಿಕೊಂಡಿರುವ ಹಿರಿಯಣ್ಣ, ಮಗನನ್ನೂ ಎರಡು ಹಾರೆಯನ್ನೂ ಕರೆದುಕೊಂಡು ಬಂದ. ಹಿಂದೆಯೇ ಒಂದು ಜೆಸಿಬಿ. ಕೊಳವೆಯ ಮೇಲಿನ ರಸ್ತೆಯನ್ನು ಅಗೆದು ಒಡೆಯಲು ಮುಖ್ಯಾಧಿಕಾರಿಯ ಅನುಮತಿ ಬೇಕು ಎಂದು ಯಾರೋ ಕೂಗಿದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹತ್ತೂವರೆಗೆ ರಸ್ತೆ ಬಾಯಿಬಿಟ್ಟಿತು, ನೀರು ಭೋರೆಂದು ಕೆಳಗಿನ ಕೆರೆಯ ಕಡೆಗೆ ನುಗ್ಗಿತು. ಆತ ಪಂಚೆಯ ತುದಿಯನ್ನು ಹಿಂಡುತ್ತ ನಮ್ಮ ಜಗಲಿಯ ಬಳಿ ಬಂದು, "ಟೀಚರಮ್ಮ, ನಿಮ್ಮ ಹಳ್ಳ ಬಂತು ನೋಡಿ" ಎಂದ. ಈ ಸಲ ನಕ್ಕ.

ಒಳಗೆ ಒಣಗಿದ್ದ ಒಂದೇ ಒಲೆಯಲ್ಲಿ ಅತ್ತೆ ಎಲ್ಲರಿಗೂ ಕಾಫಿ ಕಾಯಿಸಿದರು. ವಾರದೊಳಗೆ ಪುರಸಭೆಯವರು ಬಂದು ಒಡೆದ ರಸ್ತೆಯನ್ನು ಮುಚ್ಚಿದರು, ಅದೇ ಎರಡು ಅಡಿಯ ಕೊಳವೆ ಇಟ್ಟು. ಅಲ್ಲಿ ಪೆಟ್ಟಿಗೆ ಮೋರಿ ಕಟ್ಟಿಸಬೇಕೆಂದು ಅರ್ಜಿ ಕೊಟ್ಟಿದ್ದೇನೆ. ಮೊದಲ ಸಾಲಿನಲ್ಲೇ ಸರ್ವೆ ನಂಬರ್ ಇದೆ, ಹಿರಿಯಣ್ಣನ ಸಹಿಯೂ ಇದೆ, ಮಾತು ಬಿಟ್ಟಿದ್ದ ಐದು ಮನೆಗಳಲ್ಲಿ ಮೂರು ಮನೆಯವರ ಸಹಿಯೂ ಇದೆ. ಮೊಹರು ಹಾಕಿಸಿದ ಪ್ರತಿ ನನ್ನ ಬೀರುವಿನಲ್ಲಿದೆ.